ಅತ್ತೆ ತೊಳೆದ ಸಿನಿಮಾ

ನಮ್ಮ ಮನೆಯಿಂದ ಯಾರೇ ಹೊರಗೆ ಹೊರಟರೂ ಹೊಸಿಲಿನಿಂದ ಗೇಟಿನವರೆಗೆ ಹಿಮ್ಮುಖವಾಗಿ ನಡೆಯಬೇಕಿತ್ತು. ಮುಖ ಮನೆಯ ಕಡೆಗೆ, ಹೆಜ್ಜೆ ಬೀದಿಯ ಕಡೆಗೆ. ಶಾಲೆಗೆ ಹೊರಟ ನಾನು, ಕೆಲಸಕ್ಕೆ ಹೊರಟ ಅಪ್ಪ, ಪಕ್ಕದ ಅಂಗಡಿಯಿಂದ ಹಾಲು ತರಲು ಹೊರಟ ಅಮ್ಮ, ಯಾರಿಗೂ ವಿನಾಯಿತಿ ಇರಲಿಲ್ಲ. ಹೀಗೆ ನಡೆದು ಅಪ್ಪ ಒಂದು ಹೂಕುಂಡ ಒಡೆದಿದ್ದ, ಇನ್ನೊಮ್ಮೆ ಪೋಸ್ಟ್‌ಮ್ಯಾನ್‌ನ ಕಾಲು ತುಳಿದಿದ್ದ. ಎದುರುಮನೆಯವರು ನಮಗೆ ಏಡಿ ಸಂಸಾರ ಎಂದು ಹೆಸರಿಟ್ಟಿದ್ದರು. ಏಡಿ ನಡೆಯುವುದು ಪಕ್ಕಕ್ಕೆ, ಹಿಂದಕ್ಕಲ್ಲ ಎಂದು ಅಪ್ಪ ಅವರನ್ನು ತಿದ್ದಲು ಹೋಗಿ ಇನ್ನಷ್ಟು ನಗೆಪಾಟಲಾದ. ಈ ಪದ್ಧತಿಯನ್ನು ಮನೆಗೆ ತಂದವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಅವಳು ಅದನ್ನು ಕಲಿತದ್ದು ಒಂದು ಸಿನಿಮಾದಿಂದ. ಆ ಸಿನಿಮಾ ಈಗ ಲೋಕದಲ್ಲಿ ಎಲ್ಲಿಯೂ ಇಲ್ಲ. ಇಲ್ಲದಂತೆ ಮಾಡಿದವಳೂ ಅತ್ತೆಯೇ.

ಬೀದಿಯವರಿಗೆಲ್ಲ ಅವಳು ಬಾಚಣಿಗೆ ಅತ್ತೆ. ಹರೆಯದಲ್ಲಿ ಬಾಚಣಿಗೆ ಕಾರ್ಖಾನೆಯಲ್ಲಿ ದುಡಿದವಳು. ಸಿನಿಮಾಗೆ ಆಗತಾನೆ ಮಾತು ಬಂದಿದ್ದ ಕಾಲ ಅದು. ಮಾತು ಬಂದದ್ದೇ ತಡ, ಮೂಕಿ ಚಿತ್ರಗಳನ್ನು ಮೂಸಿ ನೋಡುವವರೂ ಇಲ್ಲವಾದರು. ಚಿತ್ರಮಂದಿರಗಳಲ್ಲಿ ಬಿದ್ದಿದ್ದ ಸುರುಳಿಗಳು ತಗಡಿನ ಡಬ್ಬಿಗಳ ಸಮೇತ ಗುಜರಿಗೆ ಬಂದವು, ಗುಜರಿಯಿಂದ ಕಾರ್ಖಾನೆಗೆ. ಅಲ್ಲಿ ಅವನ್ನು ಬಟ್ಟೆ ಸೋಡಾ ಬೆರೆಸಿದ ಬಿಸಿ ನೀರಿನ ತೊಟ್ಟಿಗೆ ಇಳಿಸಿದರೆ ಚಿತ್ರವೆಲ್ಲ ಕಳಚಿಕೊಂಡು ಹೋಗಿ ಗಾಜಿನಂಥ ಪಟ್ಟಿಯಷ್ಟೇ ಉಳಿಯುತ್ತಿತ್ತು. ಪಟ್ಟಿಗಳನ್ನು ಒಣಗಿಸಿ, ಮೆತ್ತಗೆ ಮಾಡಿ, ಒತ್ತಿ ಹಾಳೆ ಮಾಡಿ, ಬಾಚಣಿಗೆ ಕತ್ತರಿಸುತ್ತಿದ್ದರು. ನಾಯಕ ನಾಯಕಿಯರು ಬೂದು ಬಣ್ಣದ ಕೆನೆಯಾಗಿ ತೊಟ್ಟಿಯ ತಳದಲ್ಲಿ ಕೂರುತ್ತಿದ್ದರು. ಆಗ ಈ ಊರಿನ ಹೆಂಗಸರ ತಲೆಯಲ್ಲೆಲ್ಲ ಒಂದೊಂದು ಸಿನಿಮಾ ಇತ್ತು, ಅವರಿಗೇ ಗೊತ್ತಿರಲಿಲ್ಲ ಅಷ್ಟೇ ಎಂದು ಅತ್ತೆ ನಗುತ್ತಿದ್ದಳು.

ಅವಳ ಜಾಗ ತೊಟ್ಟಿಯ ಪಕ್ಕದ ದೊಡ್ಡ ಕಿಟಕಿ. ಸುರುಳಿ ಅಲ್ಲಲ್ಲಿ ಹರಿದಿರುತ್ತಿತ್ತು, ಅಂಟು ಹಚ್ಚಿ ಜೋಡಿಸಿರುತ್ತಿದ್ದರು. ಆ ಅಂಟು ಹಾಗೇ ತೊಟ್ಟಿಗೆ ಇಳಿದರೆ ಹಾಳೆಯಲ್ಲಿ ಕಲೆ. ಅದಕ್ಕೆ ಅತ್ತೆ ಪ್ರತಿಯೊಂದು ಸುರುಳಿಯನ್ನೂ ಕೈಯಲ್ಲಿ ಬಿಚ್ಚುತ್ತ, ಕಿಟಕಿಯ ಬೆಳಕಿಗೆ ಹಿಡಿಯುತ್ತ, ಅಂಟು ಸಿಕ್ಕಲ್ಲಿ ಕತ್ತರಿಸುತ್ತ ತೊಟ್ಟಿಯವಳ ಕೈಗೆ ದಾಟಿಸಬೇಕಿತ್ತು. ಬೇರೆಯವರೆಲ್ಲ ಅಂಟು ನೋಡುತ್ತಿದ್ದರು. ಇವಳು ಚಿತ್ರವನ್ನೂ ನೋಡಿದಳು.

ಹಾಗೆ ನೋಡುವುದಕ್ಕೂ ಒಂದು ಕಾರಣವಿತ್ತು. ಅದೇ ಕಾರ್ಖಾನೆಯ ಒತ್ತುವ ಯಂತ್ರದವನನ್ನು ಅವಳು ಮೆಚ್ಚಿ ಮದುವೆಯಾಗಿದ್ದಳು. ವರ್ಷ ತುಂಬುವ ಮೊದಲೇ ಅವನು ಜ್ವರ ಬಂದು ತೀರಿಕೊಂಡ. ಅತ್ತೆ ತಮ್ಮನ ಮನೆಗೆ ಬಂದಳು, ಮತ್ತೆ ಕೆಲಸಕ್ಕೂ ಹೋದಳು. ಆದರೆ ಬಾಯಿ ಬಿಡಲಿಲ್ಲ. ಯಾರು ಮಾತಾಡಿಸಿದರೂ ಗೋಡೆಗೆ ಮಾತಾಡಿದ ಹಾಗಿತ್ತು ಎಂದು ಅಪ್ಪ ಹೇಳುತ್ತಿದ್ದ. ಆ ದಿನಗಳಲ್ಲೇ ಒಂದು ಡಬ್ಬಿ ಬಂತು. ಅತ್ತೆ ಮೇಲಿದ್ದ ಸುರುಳಿಯನ್ನು ಎತ್ತಿಕೊಂಡು ತುದಿ ಬಿಚ್ಚಿ ಬೆಳಕಿಗೆ ಹಿಡಿದಳು. ನದಿಯ ಕಟ್ಟೆಯ ಮೇಲೆ, ಕೈಯಲ್ಲಿ ಗಂಡಸಿನ ಹರಿದ ಟೋಪಿ ಹಿಡಿದುಕೊಂಡು ಒಬ್ಬ ಹೆಂಗಸು ನಿಂತಿದ್ದಳು.

ಅದುವರೆಗೆ ಅತ್ತೆ ಚಿತ್ರಮಂದಿರದ ಒಳಗೆ ಕಾಲಿಟ್ಟವಳಲ್ಲ. ಅವಳು ನೋಡಿದ ಮೊದಲ ಸಿನಿಮಾ ಅದು, ಕೈಯಲ್ಲಿ ಹಿಡಿದು, ಒಂದೊಂದೇ ಚೌಕ. ಅವಳು ಅದನ್ನು ಹೇಳಲು ಕೂತರೆ ನಾವು ಉಸಿರು ಬಿಗಿಹಿಡಿದು ಕೇಳುತ್ತಿದ್ದೆವು.

"ಶುರುವಿನಲ್ಲೇ ಅಳು ಕಣೇ. ತಲೆ ಬೆಳ್ಳಗಾಗಿದೆ ಅವಳಿಗೆ. ಯಾರೋ ಒಬ್ಬ ಬಂದು ಅವಳ ಕೈಯಿಂದ ಟೋಪಿ ಇಸ್ಕೊಳ್ತಾನೆ. ಇಸ್ಕೊಂಡು ಬೆನ್ನು ತೋರಿಸಲ್ಲ. ಅವಳ ಮುಖ ನೋಡ್ಕೊಂಡೇ ಹಿಂದೆ ಹಿಂದೆ ಹೆಜ್ಜೆ ಇಟ್ಟು ದೋಣಿ ಹತ್ತಿ ಹೋಗ್ತಾನೆ. ಎಂಥ ಮರ್ಯಾದೆ ನೋಡು. ಅಲ್ಲಿಂದ ಅವಳಿಗೆ ಒಂದೊಂದೇ ಒಳ್ಳೇದಾಗುತ್ತೆ. ಕೂದಲು ಕಪ್ಪಾಗ್ತಾ ಬರುತ್ತೆ. ದಿನಾ ಕಿಟಕೀಲಿ ದೀಪ ಇಟ್ಕೊಂಡು ಕಾಯ್ತಾಳೆ. ಒಂದಿನ ಹಡಗು ಬರುತ್ತೆ. ಅವಳ ಗಂಡ ಇಳಿದು ಬರ್ತಾನೆ. ಅವಳನ್ನ ಅಪ್ಪಿಕೊಳ್ತಾನೆ."

ಆಮೇಲೆ ಅವರ ಸಂಸಾರ. ನೆಲದ ಮೇಲೆ ಚೂರಾಗಿ ಬಿದ್ದ ಚಹಾದ ಕಪ್ಪು ತಾನಾಗಿ ಕೂಡಿಕೊಂಡು ಮೇಜಿನ ಮೇಲೆ ಹೋಗಿ ಕೂರುತ್ತದೆ, ಜಗಳ ಅಲ್ಲಿಗೆ ಮುಗಿಯುತ್ತದೆ. ದಿನ ಕಳೆದಂತೆ ಇಬ್ಬರಿಗೂ ನಾಚಿಕೆ ಹೆಚ್ಚುತ್ತ ಹೋಗುತ್ತದೆ. ಕೊನೆಗೆ ದೋಣಿಯ ದೃಶ್ಯ. ಅವನ ಟೋಪಿ ಅವಳ ಕೊಡೆಯ ಮೊನೆಗೆ ಸಿಕ್ಕಿಕೊಂಡಿದೆ, ಅಂಚು ಹರಿದಿದೆ. ಗಾಳಿ ಬಂದು ಟೋಪಿಯನ್ನು ಎತ್ತಿ ಅವನ ತಲೆಯ ಮೇಲೆ ಕೂರಿಸುತ್ತದೆ, ಹರಿದ ಅಂಚು ಹೊಲಿಗೆಯಿಲ್ಲದೆ ಒಂದಾಗುತ್ತದೆ. ಅವನು ದೋಣಿಯ ಆ ತುದಿಯಲ್ಲಿ, ಅವಳು ಈ ತುದಿಯಲ್ಲಿ. ಒಬ್ಬರಿಗೊಬ್ಬರು ಯಾರೆಂದೇ ಗೊತ್ತಿಲ್ಲ. ಅವಳು ಗೆಳತಿಯರ ಜೊತೆ ಏನೋ ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದಾಳೆ. ಅಷ್ಟೇ.

"ಆಮೇಲೆ ಚಿತ್ರದ ಹೆಸರು ಬರುತ್ತೆ. ಆಗೆಲ್ಲ ಹೆಸರನ್ನ ಕೊನೇಲಿ ಹಾಕ್ತಿದ್ರು, ಸಹಿ ಹಾಕಿದ ಹಾಗೆ" ಎಂದು ಅತ್ತೆ ವಿವರಣೆ ಕೊಡುತ್ತಿದ್ದಳು.

ನಮಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಸಿನಿಮಾ ಎಂದ ಮೇಲೆ ಕಪ್ಪು ಕೂಡಿಕೊಳ್ಳಲೂಬಹುದು. ಒಮ್ಮೆ ಅಪ್ಪ ಬಲವಂತದಿಂದ ಅತ್ತೆಯನ್ನು ಮಾತಿನ ಸಿನಿಮಾಗೆ ಕರೆದುಕೊಂಡು ಹೋದ. ಅರ್ಧಕ್ಕೇ ಎದ್ದು ಬಂದಳು. "ಇದೇನು ಸಿನಿಮಾನೋ, ಕಪ್ಪು ಬಿದ್ರೆ ಒಡೆದೇ ಹೋಗುತ್ತೆ. ಇದನ್ನ ನೋಡೋಕೆ ಮನೇಲೇ ಇರಬಹುದಿತ್ತು" ಎಂದಳು. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಆ ಚಿತ್ರದ ಕೊನೆಯ ಸುರುಳಿಯನ್ನು ತೊಟ್ಟಿಗೆ ಇಳಿಸಿದ ದಿನ ಅತ್ತೆ ಮನೆಗೆ ಬಂದು, ಎಷ್ಟೋ ಕಾಲದ ಮೇಲೆ, ಹಸಿವಾಗುತ್ತಿದೆ ಎಂದಳಂತೆ. ಅವಳಿಗೆ ಅರ್ಥವಾದದ್ದು ಇಷ್ಟು: ದುಃಖ ಇರುವುದು ಮೊದಲಿಗೆ. ಅಲ್ಲಿಂದ ಗಂಟು ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ಹೋದವನು ದಿನದಿಂದ ದಿನಕ್ಕೆ ಹತ್ತಿರ ಬರುತ್ತಾನೆ, ಅವನ ಜೊತೆ ಕಳೆದ ಒಳ್ಳೆಯ ದಿನಗಳು ಬರುತ್ತವೆ, ಕೊನೆಗೊಂದು ದಿನ ಸುಮ್ಮನೆ ನಗು ಬರುತ್ತದೆ. ಈ ನಂಬಿಕೆಯ ಮೇಲೆ ಅವಳು ಬದುಕಿದಳು. ಬದುಕಿದ್ದಷ್ಟೇ ಅಲ್ಲ, ಹಂಚಿದಳು. ಬೀದಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಅತ್ತೆ ಹೋಗಿ ಅವರ ಪಕ್ಕದಲ್ಲಿ ಕೂತು ಆ ಸಿನಿಮಾ ಹೇಳುತ್ತಿದ್ದಳು. ಮಗಳನ್ನು ಕಳೆದುಕೊಂಡ ದರ್ಜಿಗೆ ಹೇಳಿದಳು. ನಮ್ಮ ಅಪ್ಪ ಹೋದಾಗ ಅಮ್ಮನಿಗೆ ಹೇಳಿದಳು. ಅಡುಗೆಮನೆಯ ನೆಲದಲ್ಲಿ ಗೋಡೆಗೆ ಒರಗಿ ಕೂತಿದ್ದ ಅಮ್ಮ, ಕಪ್ಪು ಕೂಡಿಕೊಳ್ಳುವ ಜಾಗಕ್ಕೆ ಬಂದಾಗ ತಲೆ ಎತ್ತಿದ್ದನ್ನು ನಾನೇ ನೋಡಿದ್ದೇನೆ. ಅವತ್ತು ಸತ್ತಿದ್ದು ಅತ್ತೆಯ ತಮ್ಮನೂ ಹೌದು ಎಂಬುದು ನನಗೆ ಹೊಳೆದದ್ದು ಎಷ್ಟೋ ವರ್ಷ ಕಳೆದ ಮೇಲೆ.

ನಾನು ಓದಿನಲ್ಲಿ ಅಷ್ಟಕ್ಕಷ್ಟೆ, ಕೈಕೆಲಸದಲ್ಲಿ ಪರವಾಗಿಲ್ಲ. ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟೆ. ಉದ್ದನೆಯ ಬೆಂಚು, ಗೋಡೆಗೆ ಒರಗಿಸಿದ ಪಟ್ಟಿಗಳು, ಗಾಜು ಕೊಯ್ಯುವ ಮೊನೆ, ಅಂಟಿನ ಡಬ್ಬಿ. ಮಧ್ಯಾಹ್ನ ಅತ್ತೆ ಊಟದ ಡಬ್ಬಿ ತಂದು, ಗಿರಾಕಿಗಳ ಫೋಟೋಗಳನ್ನೆಲ್ಲ ನೋಡಿ, ಒಬ್ಬೊಬ್ಬರ ಮೂಗಿನ ಬಗ್ಗೆಯೂ ಒಂದೊಂದು ಮಾತಾಡಿ ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಕೋಟು, ತಲೆಗೊಂದು ಟೋಪಿ ಹಾಕಿಕೊಂಡು ಒಬ್ಬ ಮುದುಕರು ಬಂದರು. ಅತ್ತೆಗಿಂತಲೂ ಹಿರಿಯರು. ಕೈಯಲ್ಲಿದ್ದ ಹಳೆಯ ಫೋಟೋವನ್ನು ಬೆಂಚಿನ ಮೇಲೆ ಇಟ್ಟರು. ಚಿತ್ರಮಂದಿರದ ಬಾಗಿಲಲ್ಲಿ ಪಿಟೀಲು ಹಿಡಿದು ನಿಂತ ಯುವಕ, ಅವರೇ. ಮೂಕಿ ಚಿತ್ರ ಓಡುವಾಗ ಪರದೆಯ ಪಕ್ಕದಲ್ಲಿ ಕೂತು ಪಿಟೀಲು ನುಡಿಸುತ್ತಿದ್ದರಂತೆ. ಅವರ ಬೆನ್ನ ಹಿಂದೆ ಗೋಡೆಯ ಮೇಲೆ ದೊಡ್ಡ ಚಿತ್ರ. ದೋಣಿ, ಕೊಡೆ ಹಿಡಿದ ಹುಡುಗಿ, ಕೊಡೆಯ ಮೊನೆಯಲ್ಲಿ ಅಂಚು ಹರಿದ ಟೋಪಿ.

ಅತ್ತೆಯ ಬಾಯಿಂದ ಕೇಳಿ ಮಾತ್ರ ನನಗೆ ಗೊತ್ತಿದ್ದ ಹುಡುಗಿ ಅವಳು. ಮುಖ ನಾನು ಅಂದುಕೊಂಡಿದ್ದಕ್ಕಿಂತ ದುಂಡಗಿತ್ತು.

"ಇದು ಯಾವ ಸಿನಿಮಾ?" ಎಂದು ಕೇಳಿದೆ, ಏನೂ ತಿಳಿಯದವಳ ಹಾಗೆ.

"ಅದು ಹೋಯ್ತಮ್ಮ. ಹಳೇ ಚಿತ್ರ ಹುಡುಕೋರು ನನ್ನ ಮನೆಗೆ ಅಲೆದೂ ಅಲೆದೂ ಸಾಕಾದ್ರು. ಒಂದಡಿ ಪಟ್ಟಿನೂ ಎಲ್ಲೂ ಸಿಕ್ಕಿಲ್ವಂತೆ. ನೋಡಿದವರಲ್ಲಿ ಉಳಿದಿರೋನು ನಾನೊಬ್ನೇ ಅಂತೆ."

"ಕಥೆ ಏನು?"

ಅವರು ಸ್ಟೂಲು ಎಳೆದುಕೊಂಡು ಕೂತು ಹೇಳಿದರು. ದೋಣಿಯಲ್ಲಿ ಒಬ್ಬರಿಗೊಬ್ಬರು ಗುರುತಿಲ್ಲದ ಹುಡುಗ ಹುಡುಗಿ. ಗಾಳಿಗೆ ಟೋಪಿ ಹಾರುತ್ತದೆ, ಅವಳು ಕೊಡೆಯಲ್ಲಿ ಹಿಡಿಯುತ್ತಾಳೆ, ಅಂಚು ಹರಿಯುತ್ತದೆ. ಪ್ರೀತಿ, ಮದುವೆ. ಜಗಳದಲ್ಲಿ ಕಪ್ಪು ಒಡೆಯುತ್ತದೆ. ಅವನು ಹಡಗು ಹತ್ತುತ್ತಾನೆ. ಅವಳು ಕಿಟಕಿಯಲ್ಲಿ ದೀಪ ಇಟ್ಟು ಕಾಯುತ್ತ ಕಾಯುತ್ತ ಮುದುಕಿಯಾಗುತ್ತಾಳೆ.

"ಕೊನೆಗೆ?"

"ಕೊನೆಗೆ ಟೋಪಿ ಬರುತ್ತೆ. ಅವನು ಬರಲ್ಲ. ಆ ಜಾಗಕ್ಕೆ ನಾನು ಒಂದೇ ತಂತೀಲಿ ನುಡಿಸ್ತಿದ್ದೆ. ಇಡೀ ಹಾಲ್ ಅಳೋದು."

ಗಾಜು ಕೊಯ್ಯುತ್ತಿದ್ದ ನನ್ನ ಕೈ ಜಾರಿ ಗೀರು ಸೊಟ್ಟಗಾಯಿತು. ಅತ್ತೆ ಆ ಚಿತ್ರವನ್ನು ಬಾಲದಿಂದ ತಲೆಗೆ ನೋಡಿದ್ದಳು. ಜೀವಮಾನವಿಡೀ ಅವಳು ಹಿಡಿದುಕೊಂಡು ಬಂದ ಸಮಾಧಾನ, ದರ್ಜಿಗೆ ಕೊಟ್ಟದ್ದು, ಅಮ್ಮನಿಗೆ ಕೊಟ್ಟದ್ದು, ಎಲ್ಲ ಒಂದು ಸುರುಳಿ ತಿರುಗುಮುರುಗಾದದ್ದರಿಂದ ಹುಟ್ಟಿದ್ದು. ನಮ್ಮ ಅತ್ತೆಯೂ ಅದನ್ನು ನೋಡಿದ್ದಾಳೆ ಎಂದು ಹೇಳಿದ್ದರೆ ಆ ಮುದುಕರು ಕುಣಿದುಬಿಡುತ್ತಿದ್ದರು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಈ ವಯಸ್ಸಿನಲ್ಲಿ ಅವಳ ಕಾಲಡಿಯ ನೆಲ ಎಳೆಯುವುದಕ್ಕೆ ನನಗೇನು ಹುಚ್ಚೇ? ಫೋಟೋ ತೆಗೆದುಕೊಂಡು ಹೋಗಲು ಬೆಳಿಗ್ಗೆಯೇ ಬನ್ನಿ, ಮಧ್ಯಾಹ್ನ ನಾನು ಸಿಗುವುದಿಲ್ಲ ಎಂದು ಒಂದು ಕಾಗೆಯನ್ನೂ ಹಾರಿಸಿದೆ.

ಫೋಟೋ ಒಯ್ಯಲು ಬರುವ ದಿನವೇ ಅವರ ಬಸ್ಸು ತಡವಾಗಬೇಕೆ. ಅವರು ಬಾಗಿಲಲ್ಲಿ ಕಾಣಿಸಿಕೊಂಡಾಗ ಅತ್ತೆ ಬೆಂಚಿನ ಮೇಲೆ ಊಟದ ಡಬ್ಬಿ ಇಟ್ಟು, ಕಟ್ಟು ಹಾಕಿದ ಫೋಟೋವನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಿದ್ದಳು. ಕಿಟಕಿಯ ಬೆಳಕಿಗೆ ಹಿಡಿದಿದ್ದಳು, ಹಳೆಯ ಅಭ್ಯಾಸ.

"ಇವಳು ನನ್ನ ಹುಡುಗಿ" ಎಂದಳು, ಯಾರ ಕಡೆಗೂ ತಿರುಗದೆ. "ಇವಳು ಇಲ್ಲಿ ಹೇಗೆ ಬಂದ್ಲು?"

ಮುಂದಿನದನ್ನು ತಡೆಯುವುದು ನನ್ನ ಕೈಯಲ್ಲಿರಲಿಲ್ಲ. ಪಿಟೀಲಿನವರು ಆಸೆಯಿಂದ ಮುಂದೆ ಬಂದರು. ನೀವು ನೋಡಿದ್ದೀರಾ, ಎಲ್ಲಿ, ಯಾವಾಗ ಎಂದು ಕೇಳಿದರು. ಅತ್ತೆ ಹೇಳಿದಳು. ಟೋಪಿ ಇಸಿದುಕೊಂಡು ಹಿಂದೆ ಹಿಂದೆ ನಡೆದು ಹೋದವನ ಜಾಗಕ್ಕೆ ಬರುತ್ತಿದ್ದಂತೆ ಅವರು ಹುಬ್ಬು ಗಂಟಿಕ್ಕಿದರು. ನಾನು ಅತ್ತೆಯ ಬೆನ್ನ ಹಿಂದಿನಿಂದ ಅವರಿಗೆ ಬೇಡ ಬೇಡ ಎಂದು ಕೈ ಆಡಿಸಿದೆ. ಅವರು ನೋಡಲಿಲ್ಲ.

"ಅಲ್ಲಮ್ಮ, ಅವನು ಟೋಪಿ ಕೊಡೋಕೆ ಬಂದೋನು. ಅದು ಕೊನೆ. ನೀವು ತಿರುಗಿಸಿ ನೋಡಿದೀರಿ" ಎಂದರು. ಆಮೇಲೆ ಪೂರ್ತಿ ಕಥೆಯನ್ನು ಮೊದಲಿನಿಂದ ಹೇಳಿದರು. ಕೆಟ್ಟ ಮನಸ್ಸಿನಿಂದಲ್ಲ. ಅವರಿಗೂ ಆ ಚಿತ್ರ ಜೀವ.

ಅತ್ತೆ ಫೋಟೋವನ್ನು ಬೆಂಚಿನ ಮೇಲಿಟ್ಟು ಸ್ಟೂಲಿನ ಮೇಲೆ ಕೂತಳು. ಮುಖದ ಕಳೆ ಇಳಿದುಹೋಗಿತ್ತು.

"ಹಾಗಾದ್ರೆ ಅವನು ಬರೋದೇ ಇಲ್ವಾ?"

"ಇಲ್ಲ."

"ಕಪ್ಪು?"

"ಒಡೆದುಹೋಗುತ್ತೆ."

ಅತ್ತೆ ತಲೆಯಿಂದ ಕಾರ್ಖಾನೆಯ ಕಾಲದ ಬಾಚಣಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಅದನ್ನೇ ನೋಡುತ್ತ ಕೂತಳು. ನನಗೆ ಆ ಮುದುಕರನ್ನು ಪಿಟೀಲು ಸಮೇತ ಬೀದಿಗೆ ದಬ್ಬುವಷ್ಟು ಸಿಟ್ಟು ಬಂತು, ಪಿಟೀಲು ಅವರ ಹತ್ತಿರ ಇರಲಿಲ್ಲ ಎನ್ನುವುದು ಬೇರೆ ಮಾತು. ಅವರಿಗೂ ಏನೋ ಎಡವಟ್ಟಾಗಿದೆ ಎಂದು ಗೊತ್ತಾಗಿ ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದರು.

"ಒಂದು ಮಾತು ಕೇಳ್ತೀನಿ" ಎಂದಳು ಅತ್ತೆ, ಕೊನೆಗೆ. "ಆಟ ಮುಗಿದ್ಮೇಲೆ ಸುರುಳಿನ ಏನು ಮಾಡ್ತಿದ್ರಿ?"

"ವಾಪಸ್ ಸುತ್ತಬೇಕಲ್ಲ. ಓಡಿದ ಸುರುಳೀಲಿ ಕೊನೆ ಮೇಲಕ್ಕೆ ಬಂದಿರುತ್ತೆ. ಹಾಗೇ ಇಟ್ರೆ ಮುಂದಿನ ಆಟ ಕೊನೆಯಿಂದ ಶುರುವಾಗಿಬಿಡುತ್ತೆ. ಆಪರೇಟರು ಕೈಯಲ್ಲೇ ತಿರುಗಿಸಿ ಸುತ್ತುತಿದ್ದ. ನಾನು ಪಿಟೀಲು ಪೆಟ್ಟಿಗೇಲಿ ಇಡೋ ಹೊತ್ತಿಗೆ ಗೋಡೆ ಆಚೆಯಿಂದ ಸುರ್ರ್ ಅಂತ ಕೇಳಿಸೋದು."

"ಪ್ರತಿ ಆಟಕ್ಕೂ?"

"ಪ್ರತಿ ಆಟಕ್ಕೂ."

"ಅಂದ್ರೆ ಜನ ಅಳ್ತಾ ಮನೆಗೆ ಹೋಗ್ತಿದ್ದಾಗ, ಒಳಗೆ ಅವನು ವಾಪಸ್ ಬರ್ತಿದ್ದ."

ಪಿಟೀಲಿನವರು ಕೈಯಲ್ಲಿದ್ದ ಟೋಪಿಯನ್ನು ಬೆಂಚಿನ ಮೇಲಿಟ್ಟರು.

"ಕೊನೇ ಆಟ ಆದ್ಮೇಲೆ ಸುತ್ತಿದ್ರಾ?"

"ಗುಜರಿಗೆ ಹೋಗೋದನ್ನ ಯಾರು ಸುತ್ತುತಾರಮ್ಮ? ಒಂದರ ಮೇಲೊಂದು ಹಾಗೇ ಡಬ್ಬಿಗೆ ಹಾಕಿದ್ವಿ. ಕೊನೇದು ಮೇಲೆ ಇತ್ತು."

ಅತ್ತೆ ಅವರ ಕಡೆ ತಿರುಗಿ ನೆಟ್ಟಗೆ ಕೂತಳು. ಮುಖಕ್ಕೆ ಕಳೆ ಮರಳುತ್ತಿತ್ತು. "ಹಾಗಾದ್ರೆ ನೀವೆಲ್ಲ ಅವಳನ್ನ ಆ ಕಟ್ಟೆ ಮೇಲೆ, ಕೈಲಿ ಟೋಪಿ ಕೊಟ್ಟು, ನಿಂತ ಹಾಗೇ ಬಿಟ್ಟು ಬಾಗಿಲು ಹಾಕ್ಕೊಂಡು ಹೋದ್ರಿ."

"ಹೌದಮ್ಮ" ಎಂದರು ಅವರು, ಸಣ್ಣ ದನಿಯಲ್ಲಿ.

"ನಾನು ಕರ್ಕೊಂಡು ಬಂದೆ" ಎಂದಳು ಅತ್ತೆ. "ಅಷ್ಟೂ ಸುರುಳಿ, ಈ ಕೈಯಲ್ಲಿ. ದೋಣಿವರೆಗೂ ಕರ್ಕೊಂಡು ಬಂದೆ. ನಗ್ತಾ ಇದ್ಲು ಅವಳು, ನಾನು ನೀರಿಗೆ ಬಿಟ್ಟಾಗ."

ನನ್ನ ಕಣ್ಣು ತುಂಬಿ ಬಂತು, ಅಂಟಿನ ಡಬ್ಬಿಯ ಮುಚ್ಚಳ ಹುಡುಕುವವಳ ಹಾಗೆ ಬಗ್ಗಿದೆ. ಅತ್ತೆಯ ಜೊತೆ ಒಂದೇ ಸೂರಿನಡಿ ಬೆಳೆದವಳು ನಾನು, ಅವಳ ಬಾಯಿಯಿಂದ ಆ ಕಥೆಯನ್ನು ಲೆಕ್ಕವಿಲ್ಲದಷ್ಟು ಸಲ ಕೇಳಿದವಳು. ಅವಳು ನೋಡಿದ್ದು ತಪ್ಪು ಎಂದು ಹೆದರಿ ಅವಳನ್ನು ಕಾಪಾಡಲು ಹೊರಟಿದ್ದೆ. ಲೋಕದಲ್ಲಿ ಅಷ್ಟು ಜನ ಅಳುತ್ತ ನೋಡಿದ ಚಿತ್ರದ ಕಟ್ಟಕಡೆಯ ಆಟವನ್ನು ಒಂಟಿಯಾಗಿ ಆಡಿಸಿದವಳು ನನ್ನ ಮುಂದೆ ಸ್ಟೂಲಿನ ಮೇಲೆ ಕೂತಿದ್ದಳು. ಕೈಯಲ್ಲಿ ಹಲ್ಲು ಮುರಿದ ಒಂದು ಬಾಚಣಿಗೆ ಇತ್ತು.

ಪಿಟೀಲಿನವರು ನೆಲದ ಮೇಲೇ ಕೂತುಬಿಟ್ಟರು. "ನೀವು ನೋಡಿದ ಹಾಗೆ ಇನ್ನೊಂದು ಸಲ ಹೇಳಿ" ಎಂದರು. ಅತ್ತೆ ಟೋಪಿಯ ಹೆಂಗಸಿನಿಂದ ಶುರುಮಾಡಿದಳು. ಅವರು ಫೋಟೋದ ಕಟ್ಟನ್ನು ಎದೆಗೆ ಒರಗಿಸಿಕೊಂಡು ಕೇಳಿದರು. ಸ್ವಲ್ಪ ಹೊತ್ತಿನ ಮೇಲೆ ನೋಡುತ್ತೇನೆ, ಅವರ ಎಡಗೈ ಬೆರಳುಗಳು ಕಟ್ಟಿನ ಅಂಚಿನ ಮೇಲೆ ಒತ್ತುತ್ತ, ಬಿಡುತ್ತ ಚಲಿಸುತ್ತಿವೆ. ಅಳುವಿನ ಆ ಒಂಟಿ ತಂತಿಯಿಂದ ಹೊರಟು, ದೀಪ, ಹಡಗು, ಕಪ್ಪು ಎಲ್ಲ ದಾಟಿ, ದೋಣಿಯ ನಗುವಿಗೆ ಬರುವ ಹೊತ್ತಿಗೆ ಬೆರಳುಗಳು ಕುಣಿಯುತ್ತಿದ್ದವು. ಅಂಗಡಿಯಲ್ಲಿ ಸದ್ದೇ ಇರಲಿಲ್ಲ. ನನಗೆ ಮಾತ್ರ ಎಲ್ಲ ಕೇಳಿಸಿದ ಹಾಗಾಯಿತು.

"ಈ ಕೊನೆಗೆ ನುಡಿಸೋ ಭಾಗ್ಯ ನನಗೆ ಸಿಗಲಿಲ್ಲ" ಎಂದರು ಅವರು, ಏಳುತ್ತ.

"ಈಗ ಸಿಕ್ತಲ್ಲ" ಎಂದಳು ಅತ್ತೆ. ಬಾಚಣಿಗೆಯನ್ನು ಮತ್ತೆ ತಲೆಗೆ ಸಿಕ್ಕಿಸಿಕೊಂಡು, ನನ್ನ ಕಡೆ ತಿರುಗಿ, ಊಟ ಆರಿಹೋಯಿತು ಎಂದು ಗದರಿದಳು.

ಪಿಟೀಲಿನವರು ಫೋಟೋವನ್ನು ಕಂಕುಳಲ್ಲಿ ಇಟ್ಟುಕೊಂಡು, ಟೋಪಿ ಹಾಕಿಕೊಂಡು ಹೊರಟರು. ಬಾಗಿಲ ತನಕ ಹೋದವರು ನಿಂತರು. ಆಮೇಲೆ ನಮ್ಮ ಕಡೆ ತಿರುಗಿ, ಅತ್ತೆಯ ಮುಖ ನೋಡುತ್ತ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡತೊಡಗಿದರು. ಅವರಿಗೆ ಇದನ್ನು ಯಾರೂ ಕಲಿಸಿರಲಿಲ್ಲ.

"ಹುಷಾರು, ಮೆಟ್ಟಿಲಿದೆ" ಎಂದಳು ಅತ್ತೆ.